ಇಪ್ಪತ್ತು ಕಿಲೋದ ಒಳಗೆ

ನನಗೆ ಮೂಗಿನ ತುದಿಯಲ್ಲೇ ಕೋಪ ಅಂತ ಮನೆಯವರೆಲ್ಲ ಹೇಳುತ್ತಾರೆ. ಸುಳ್ಳೇನಲ್ಲ. ಆದರೆ ನನ್ನ ಕೆಲಸವನ್ನು ಅವರು ಒಂದು ವಾರ ಮಾಡಿ ನೋಡಲಿ, ಆಮೇಲೆ ಮಾತಾಡೋಣ. ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ, ಚಪ್ಪಲಿ ಹೊಲಿಯುವವನಿಗೂ ಕನ್ನಡಕದ ಅಂಗಡಿಗೂ ನಡುವೆ, ಇಬ್ಬರು ಅಡ್ಡ ಮಲಗಿದರೆ ತುಂಬಿಹೋಗುವಂಥ ಅಂಗಡಿ ನನ್ನದು. ಒಂದು ಕಂಪ್ಯೂಟರು, ಒಂದು ತೂಕದ ಯಂತ್ರ, ಗೋಡೆಗೆ ಒರಗಿಸಿದ ಖಾಲಿ ರಟ್ಟಿನ ಪೆಟ್ಟಿಗೆಗಳು. ಹೊರದೇಶದ ಸಾಮಾನನ್ನು ಆನ್‌ಲೈನಿನಲ್ಲಿ ತರಿಸಬೇಕು, ಹೇಗೆ ಅಂತ ಗೊತ್ತಿಲ್ಲ ಅನ್ನುವವರು ಫೋನಿನಲ್ಲಿ ಒಂದು ಚಿತ್ರ ಹಿಡಿದುಕೊಂಡು ಬರುತ್ತಾರೆ. ನಾನು ತರಿಸಿಕೊಡುತ್ತೇನೆ.

ಕೇಳುವುದಕ್ಕೆ ಸುಲಭ. ಕಷ್ಟ ಇರುವುದು ತೂಕದಲ್ಲಿ. ಮಾರುವವನು ಸಾಮಾನನ್ನು ಅಲ್ಲಿಯ ಸಾಗಣೆ ಕಂಪನಿಯ ಗೋದಾಮಿಗೆ ಕಳಿಸುತ್ತಾನೆ. ಕಂಪನಿಯವರು ಅಲ್ಲಿಂದ ನಮ್ಮೂರಿಗೆ ಸಾಗಿಸುತ್ತಾರೆ. ಇಪ್ಪತ್ತು ಕಿಲೋದ ಒಳಗಿದ್ದರೆ ವಿಮಾನ, ಒಂದು ವಾರದಲ್ಲಿ ಬಾಗಿಲಿಗೆ ಬರುತ್ತದೆ. ಇಪ್ಪತ್ತು ದಾಟಿದರೆ ಹಡಗು, ನಲವತ್ತು ದಿನ. ತೂಕ ಎಷ್ಟು ಅಂತ ಆರ್ಡರ್ ಹಾಕುವಾಗಲೇ ಬರೆದುಕೊಡಬೇಕು. ಗೋದಾಮಿನಲ್ಲಿ ತೂಗಿದಾಗ ಇಪ್ಪತ್ತರ ಮೇಲೆ ಬಂದರೆ ನಮ್ಮನ್ನು ಒಂದು ಮಾತೂ ಕೇಳದೆ ಹಡಗಿನ ಸಾಲಿಗೆ ತಳ್ಳುತ್ತಾರೆ. ಆಮೇಲೆ ಯಾರ ಅಪ್ಪ ಬಂದು ಹೇಳಿದರೂ ವಾಪಸ್ ತೆಗೆಯುವುದಿಲ್ಲ.

ಸಾಲದ್ದಕ್ಕೆ ಇನ್ನೊಂದು ತೂಕ ಇದೆ, ಗಾತ್ರದ ತೂಕ. ಪೆಟ್ಟಿಗೆಯ ಉದ್ದ, ಅಗಲ, ಎತ್ತರ ಮೂರನ್ನೂ ಸೆಂಟಿಮೀಟರಿನಲ್ಲಿ ಗುಣಿಸಿ ಐದು ಸಾವಿರದಿಂದ ಭಾಗಿಸಿದರೆ ಬರುವುದು. ನಿಜವಾದ ತೂಕ, ಗಾತ್ರದ ತೂಕ, ಎರಡರಲ್ಲಿ ಯಾವುದು ಜಾಸ್ತಿಯೋ ಅದೇ ಲೆಕ್ಕ. ಒಬ್ಬಾಕೆ ಕಾಗದದ ದೀಪದ ಬುಟ್ಟಿ ತರಿಸಿದರು. ಕಿರುಬೆರಳಲ್ಲಿ ಎತ್ತಬಹುದಾದ ಸಾಮಾನು, ಗಾತ್ರದ ಲೆಕ್ಕದಲ್ಲಿ ಇಪ್ಪತ್ತೆರಡು ಕಿಲೋ ಆಗಿ ಹಡಗು ಹತ್ತಿತು. ಆಕೆಗೆ ಇದನ್ನು ಅರ್ಥ ಮಾಡಿಸುವಷ್ಟರಲ್ಲಿ ನನ್ನ ಗಂಟಲು ಬಿದ್ದುಹೋಯಿತು.

ಮಾರುವವರು ತಮ್ಮ ಪುಟದಲ್ಲಿ ಬರೆಯುವ ತೂಕವನ್ನು ನಂಬಿದರೆ ಕೆಟ್ಟೆವು. ಒಬ್ಬ ಬರೀ ಯಂತ್ರದ ತೂಕ ಬರೆದಿರುತ್ತಾನೆ, ಇನ್ನೊಬ್ಬ ಪೆಟ್ಟಿಗೆ ಸೇರಿಸಿ ಬರೆದಿರುತ್ತಾನೆ, ಮತ್ತೊಬ್ಬ ಬಾಯಿಗೆ ಬಂದದ್ದು ಬರೆದಿರುತ್ತಾನೆ. ಕ್ಷೌರದ ಅಂಗಡಿಯವನ ಕುರ್ಚಿಯ ವಿಷಯದಲ್ಲಿ ನಾನು ಹಾಗೆ ನಂಬಿ ಮೋಸಹೋದೆ. ಹಡಗು ಹತ್ತಿದ ಆ ಕುರ್ಚಿ ಬರುವವರೆಗೆ ಅವನ ಅಂಗಡಿಗೆ ತಲೆ ಕೊಡುವ ಧೈರ್ಯವಾಗದೆ ನನ್ನ ಕೂದಲು ಕಿವಿ ದಾಟಿ ಇಳಿದಿತ್ತು.

ಇಂಥ ಸಮಯದಲ್ಲಿ ನಮ್ಮತ್ತೆ, ಅಂದರೆ ನನ್ನ ಹೆಂಡತಿಯ ತಾಯಿ, ನಮ್ಮ ಮನೆಗೆ ಬಂದು ಉಳಿದರು. ಮೂವತ್ತೈದು ವರ್ಷ ಗುಜರಿ ಅಂಗಡಿ ನಡೆಸಿದವರು. ಹಳೇ ಕಬ್ಬಿಣ, ಮುರುಕು ಫ್ಯಾನು, ಕೆಟ್ಟ ಮೋಟರು ಕೊಂಡು, ಬಿಚ್ಚಿ, ತಾಮ್ರ ಬೇರೆ, ಅಲ್ಯೂಮಿನಿಯಂ ಬೇರೆ ಮಾಡಿ ಮಾರುವ ಕೆಲಸ. ಅವರೂರಿನಲ್ಲಿ ಎಲ್ಲರ ಬಾಯಲ್ಲೂ ಅವರು ಗುಜರಿಯಮ್ಮ. ರಸ್ತೆ ಅಗಲ ಮಾಡುವಾಗ ಅವರ ಶೆಡ್ಡು ಹೋಯಿತು. ಅತ್ತೆಯವರು ಏನು ಮಾಡ್ತಿದ್ರು ಅಂತ ಯಾರಾದರೂ ಕೇಳಿದರೆ ನಾನು "ಲೋಹದ ವ್ಯಾಪಾರ" ಅನ್ನುತ್ತಿದ್ದೆ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೆ ಅನ್ನುತ್ತಿದ್ದದ್ದು ಹಾಗೇ.

ಅವರು ಮಧ್ಯಾಹ್ನ ನನಗೆ ಊಟದ ಡಬ್ಬಿ ತಂದು, ನಾನು ಮುಗಿಸುವವರೆಗೆ ಪೆಟ್ಟಿಗೆಯ ಮೇಲೆ ಕೂತಿರುತ್ತಿದ್ದರು. ಒಂದು ದಿನ ಮೂಲೆಮನೆ ದರ್ಜಿ ಹಬೆಯ ಇಸ್ತ್ರಿ ಯಂತ್ರದ ಚಿತ್ರ ಹಿಡಿದುಕೊಂಡು ಬಂದ. ಪುಟದಲ್ಲಿ ಐದು ಕಿಲೋ ಅಂತ ಇತ್ತು. ನಾನು ಐದು ಅಂತ ಬರೆಯಲು ಹೊರಟೆ.

"ಏಳೂಕಾಲು" ಅಂದರು ಅತ್ತೆ.

"ಏನು ಏಳೂಕಾಲು?"

"ಆ ಇಸ್ತ್ರಿ. ಡಬ್ಬ ಸೇರಿ."

ಊಟ ಮಾಡುವವನ ತಲೆ ತಿನ್ನಬಾರದು. ನನಗೆ ಸಿಟ್ಟು ಬಂತು. "ಕಂಪನಿಯವರೇ ಐದು ಅಂತಿದ್ದಾರೆ, ನೀವು ಚಿತ್ರ ನೋಡಿ ಏಳೂಕಾಲು ಅಂತೀರಲ್ಲ, ಚಿತ್ರಾನ ತಕ್ಕಡಿಗೆ ಹಾಕಿದ್ರಾ?" ಅಂದೆ. ದರ್ಜಿ ನಕ್ಕ. ಅತ್ತೆ ನಗಲೂ ಇಲ್ಲ, ಬೇಜಾರೂ ಮಾಡಿಕೊಳ್ಳಲಿಲ್ಲ. ಖಾಲಿ ಡಬ್ಬಿ ತೆಗೆದುಕೊಂಡು ಹೊರಟುಹೋದರು. ಹತ್ತು ದಿನದ ಮೇಲೆ ಇಸ್ತ್ರಿ ಬಂತು. ದರ್ಜಿಯ ಎದುರಿಗೇ ತೂಕದ ಯಂತ್ರದ ಮೇಲಿಟ್ಟೆ. ಏಳು ಕಿಲೋ ಇನ್ನೂರೈವತ್ತು ಗ್ರಾಂ ತೋರಿಸಿತು. ಯಂತ್ರ ಕೆಟ್ಟಿರಬೇಕು ಅಂತ ಇಳಿಸಿ ಮತ್ತೆ ಇಟ್ಟೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಹಾಗಾಯಿತು ನನ್ನ ಕಥೆ.

ಮನೆಗೆ ಹೋಗಿ, ಹೇಗೆ ಹೇಳಿದ್ರಿ ಅಂತ ಕೇಳಿದೆ. ಅದರಲ್ಲೇನಿದೆ ಅನ್ನುವ ಮುಖ ಮಾಡಿದರು.

"ಬಿಚ್ಚಿ ನೋಡಿದೆ."

"ಚಿತ್ರಾನ?"

"ಮನಸ್ಸಲ್ಲಿ ಬಿಚ್ಚೋದು, ಅಳಿಯಂದ್ರೇ. ಮೇಲಿನ ಮುಚ್ಚಳ ಬಿಚ್ಚಿದ್ರೆ ಪ್ಲಾಸ್ಟಿಕ್ಕು, ಮುಕ್ಕಾಲು. ಕೆಳಗೆ ದಪ್ಪ ಅಲ್ಯೂಮಿನಿಯಂ ತಟ್ಟೆ, ಎರಡೂವರೆ. ಒಳಗೆ ನೀರಿನ ಪಾತ್ರೆ, ಅದಕ್ಕೊಂದು ಸುರುಳಿ. ಒಂದೊಂದೇ ತೆಗೆದು ಪಕ್ಕಕ್ಕಿಡ್ತಾ ಹೋಗೋದು. ಗುಜರಿಯವರು ಕೊಳ್ಳೋ ಮುಂಚೆ ಒಳಗೆ ಏನಿದೆ ಅಂತ ತಿಳಿಯದಿದ್ರೆ ಮುಳುಗಿದ ಹಾಗೇ. ಬಿಚ್ಚಿ ನೋಡಿ ಕೊಳ್ತೀನಿ ಅಂದ್ರೆ ಯಾರು ಬಿಡ್ತಾರೆ?"

ಆಗ ಗಮನಿಸಿದೆ. ಹೇಳುವಾಗ ಅವರ ಕೈ ಸುಮ್ಮನಿರಲಿಲ್ಲ. ಹೆಬ್ಬೆರಳು ತೋರುಬೆರಳು ಸೇರಿ ಇಲ್ಲದ ಸ್ಕ್ರೂ ತಿರುಗಿಸುತ್ತಿದ್ದವು. ತೆಗೆದ ಭಾಗವನ್ನು ಎಡಗೈ ಚಾಪೆಯ ಮೇಲೆ ಹುಷಾರಾಗಿ ಇಡುತ್ತಿತ್ತು. ಖಾಲಿ ಚಾಪೆಯ ಮೇಲೆ ಒಂದು ಇಸ್ತ್ರಿ ಯಂತ್ರ ಚೂರುಚೂರಾಗಿ ಹರಡಿಕೊಂಡಿದೆ ಅಂತ ನನಗೆ ಅನಿಸಿಬಿಟ್ಟಿತು. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ, ಮೂರು ತಿಂಗಳು ಈ ಹೆಂಗಸು ನನ್ನ ಅಂಗಡಿಯಲ್ಲೇ ಕೂತಿದ್ದರು, ನಾನು ಡಬ್ಬಿ ಮಾತ್ರ ಇಸಕೊಂಡಿದ್ದೆ.

ಅವತ್ತಿನಿಂದ ಪ್ರತಿ ಚಿತ್ರವನ್ನೂ ಅವರಿಗೆ ತೋರಿಸತೊಡಗಿದೆ. ಹೊಲಿಗೆ ಯಂತ್ರ, ಪುಸ್ತಕ ಕತ್ತರಿಸುವ ಯಂತ್ರ, ಹಲ್ಲಿನ ಡಾಕ್ಟರ ದೀಪ. ಎಲ್ಲದರಲ್ಲೂ ನೂರಿನ್ನೂರು ಗ್ರಾಂ ಆಚೀಚೆ, ಅಷ್ಟೇ. ಗಾತ್ರದ ತೂಕದ ವಿಷಯ ಹೇಳಿದಾಗ ಮಾತ್ರ ಅವರು ಒಪ್ಪಲಿಲ್ಲ. "ಒಳಗಿರೋ ಗಾಳೀನೂ ತೂಗ್ತಾರಾ? ನಮ್ಮಲ್ಲಿ ಹಾಗೆ ಮಾಡಿದ್ರೆ ಜನ ಒದೀತಿದ್ರು" ಅಂದರು. ಅದು ನನ್ನ ಲೆಕ್ಕ, ಅದಕ್ಕೆ ನೀವು ಕೈ ಹಾಕಬೇಡಿ ಅಂದೆ. ಹೀಗೆ ಕೆಲಸ ಹಂಚಿಕೊಂಡೆವು.

ಈಗ ನನ್ನ ಅಕ್ಕನ ವಿಷಯಕ್ಕೆ ಬರುತ್ತೇನೆ.

ಅಕ್ಕ ನನಗಿಂತ ಹನ್ನೆರಡು ವರ್ಷ ದೊಡ್ಡವಳು. ಅಮ್ಮ ಹೋದಾಗ ನನಗೆ ಐದು. ಸಾಕಿದವಳು ಅಕ್ಕನೇ. ಹತ್ತಿ ಗಿರಣಿಯಲ್ಲಿ ಇಪ್ಪತ್ತೆಂಟು ವರ್ಷ ನೂಲಿನ ಯಂತ್ರದ ಮುಂದೆ ನಿಂತಳು. ಆ ಧೂಳೆಲ್ಲ ಎದೆಗೂಡಿನಲ್ಲಿ ಕೂತಿತು. ನಮ್ಮ ಜೊತೆಗೇ ಇರುತ್ತಾಳೆ, ಮುಂದಿನ ಕೋಣೆ ಅವಳದು. ಆ ವರ್ಷ ಜ್ವರ ಬಂದು ಉಸಿರು ಸಾಲದೆ ಆಸ್ಪತ್ರೆಗೆ ಸೇರಿಸಿದೆವು. ಜ್ವರ ಹೋಯಿತು. ಆದರೆ ಗಾಳಿಯಿಂದ ಆಮ್ಲಜನಕ ಸೋಸಿ ಮೂಗಿಗೆ ಕೊಡುವ ಒಂದು ಯಂತ್ರ ಇಲ್ಲದೆ ಅವಳು ಇರಲಾರಳು ಅಂತಾಯಿತು.

ಡಾಕ್ಟರಮ್ಮ ನನ್ನನ್ನು ಹೊರಗೆ ಕರೆದು ಕಡ್ಡಿ ಮುರಿದಂತೆ ಹೇಳಿದರು. "ನಮ್ಮಲ್ಲಿರೋದು ಎರಡೇ ಯಂತ್ರ. ಹದಿನೆಂಟನೇ ತಾರೀಕು ಆಪರೇಷನ್ ಆಗೋರಿಗೆ ಇದು ಬೇಕು. ಅಷ್ಟರಲ್ಲಿ ನೀವು ನಿಮ್ಮದೇ ಒಂದು ತಂದ್ರೆ ಇವರು ಮನೆಗೆ ಹೋಗಬಹುದು. ಇಲ್ಲದಿದ್ರೆ ದೊಡ್ಡಾಸ್ಪತ್ರೆಗೆ ಕಳಿಸಬೇಕು. ಏಳು ಗಂಟೆ ದಾರಿ."

"ಕಳಿಸಿದ್ರೆ?"

"ಆ ದಾರೀನ ಇವರು ತಡೀತಾರೆ ಅಂತ ನನಗೆ ಅನಿಸ್ತಿಲ್ಲ."

ಅವತ್ತು ಆರನೇ ತಾರೀಕು. ಊರಿನ ಔಷಧಿ ಅಂಗಡಿಗಳಲ್ಲೆಲ್ಲ ಸುತ್ತಿದೆ. ಎಲ್ಲರೂ ಎರಡು ತಿಂಗಳು ಕಾಯಿ ಅಂದರು. ಅಂಗಡಿಗೆ ಬಂದು ಕಂಪ್ಯೂಟರಿನ ಮುಂದೆ ಕೂತೆ. ಮಧ್ಯಾಹ್ನದ ಹೊತ್ತಿಗೆ ಸಿಕ್ಕಿತು. ಆಸ್ಪತ್ರೆಯಲ್ಲಿದ್ದಂಥದ್ದೇ, ಅದೇ ಕಂಪನಿ, ಅದೇ ಮಾದರಿ, ರಿಪೇರಿ ಮಾಡಿ ಪರೀಕ್ಷಿಸಿ ಮಾರುವ ಒಬ್ಬನ ಹತ್ತಿರ ಒಂದೇ ಒಂದು. ಎರಡು ದಿನದಲ್ಲಿ ಗೋದಾಮಿಗೆ ತಲುಪಿಸುತ್ತೇನೆ ಅಂದ. ವಿಮಾನದಲ್ಲಿ ಬಂದರೆ ಹದಿನಾರಕ್ಕೋ ಹದಿನೇಳಕ್ಕೋ ಕೈಗೆ ಸಿಗುತ್ತದೆ. ಹಡಗು ಹತ್ತಿದರೆ ಮುಂದಿನ ತಿಂಗಳು.

ಪುಟದಲ್ಲಿ ತೂಕದ ಜಾಗ ಖಾಲಿ. ಕೇಳಿ ಬರೆದೆ. "ಇಪ್ಪತ್ತರ ಆಸುಪಾಸು ಇರಬಹುದು, ನನ್ನ ಹತ್ತಿರ ತಕ್ಕಡಿ ಇಲ್ಲ" ಅಂತ ಉತ್ತರ ಬಂತು. ಕಂಪನಿಯ ಕೈಪಿಡಿ ಹುಡುಕಿದೆ. ಹದಿನೇಳರಿಂದ ಇಪ್ಪತ್ತೊಂದು ಅಂತ ಬರೆದಿದ್ದರು, ಪುಣ್ಯಾತ್ಮರು. ಇಪ್ಪತ್ತರ ಈಚೆಗೆ ಬಿದ್ದರೆ ಅಕ್ಕ ಮನೆಗೆ. ಆಚೆಗೆ ಬಿದ್ದರೆ ಅಕ್ಕ ಇಲ್ಲ.

ಅತ್ತೆಯನ್ನು ಕರೆದು ಚಿತ್ರ ತೋರಿಸಿದೆ. ಬಹಳ ಹೊತ್ತು ನೋಡಿದರು. ಕೈಬೆರಳು ಅಲ್ಲಾಡಲಿಲ್ಲ.

"ಇದನ್ನ ನಾನು ಬಿಚ್ಚಿಲ್ಲ" ಅಂದರು.

ನಾನು ಬಿಡಲಿಲ್ಲ. "ಏನೋ ಒಂದು ಅಂದಾಜು ಹೇಳಿ."

"ಗೊತ್ತಿಲ್ಲದ್ದಕ್ಕೆ ಅಂದಾಜು ಹೇಳಬಾರದು. ಇಂಥವು ಗುಜರಿಗೆ ಬರ್ತಿರಲಿಲ್ಲ. ಆಸ್ಪತ್ರೇಲಿ ಇದೆ ಅಂದ್ರಲ್ಲ, ನಡೀರಿ, ಅಲ್ಲೇ ನೋಡೋಣ."

"ಅದು ಅಕ್ಕನ ಮೂಗಿಗೆ ಹಾಕಿದೆ ಅತ್ತೆ. ಅದನ್ನ ತಕ್ಕಡಿಗೆ ಹಾಕಕ್ಕಾಗುತ್ತಾ?"

"ತಕ್ಕಡಿ ಯಾಕೆ?" ಅಂದರು, ಸೆರಗು ಸಿಕ್ಕಿಸಿಕೊಂಡು ಎದ್ದರು.

ನಾಲ್ಕು ಗಂಟೆಗೆ ರೋಗಿಗಳನ್ನು ನೋಡಲು ಬಿಡುತ್ತಾರೆ. ವಾರ್ಡಿನಲ್ಲಿ ಎಂಟು ಮಂಚ, ಅಕ್ಕನದು ಕಿಟಕಿಯ ಪಕ್ಕ. ಮಂಚದ ಬದಿಯಲ್ಲಿ ಆ ಯಂತ್ರ, ಮೊಣಕಾಲಿಗಿಂತ ಸ್ವಲ್ಪ ಎತ್ತರ, ಕೆಳಗೆ ನಾಲ್ಕು ಚಕ್ರ. ಅದರಿಂದ ಒಂದು ಸಣ್ಣ ಕೊಳವೆ ಅಕ್ಕನ ಮೂಗಿಗೆ ಹೋಗಿತ್ತು. ಅತ್ತೆ ಅಕ್ಕನ ತಲೆ ಸವರಿ, ಸ್ಟೂಲು ಎಳೆದುಕೊಂಡು ಯಂತ್ರದ ಪಕ್ಕ ಕೂತರು. ಎರಡೂ ಅಂಗೈಯನ್ನು ಅದರ ಬೆನ್ನಿಗೆ ಇಟ್ಟು ಕಣ್ಣು ಮುಚ್ಚಿದರು.

"ಒಳಗೆ ಎರಡು ಡಬ್ಬಿ ಇವೆ" ಅಂದರು ಸ್ವಲ್ಪ ಹೊತ್ತಿನ ಮೇಲೆ. "ಒಂದು ಎಳೆದುಕೊಳ್ಳುವಾಗ ಇನ್ನೊಂದು ಬಿಡುತ್ತೆ. ಸರದಿ ಪ್ರಕಾರ. ಪಂಪು ಎಡಗಡೆ ಕೆಳಗಿದೆ, ಅದೇ ಭಾರ. ಬಲಗಡೆ ಹಗುರ."

ನಾನು ಆಮೇಲೆ ಕೈಪಿಡಿಯ ಚಿತ್ರ ತೆಗೆದು ನೋಡಿದೆ. ಎರಡು ಡಬ್ಬಿ, ಸರದಿ ಪ್ರಕಾರ. ಪಂಪು ಎಡಗಡೆ ಕೆಳಗೆ. ಆಗ ನನಗೆ ಮೈ ಜುಮ್ಮೆಂದಿತು. ವಾರ್ಡಿನಲ್ಲಿ ಮಾತ್ರ ನನಗೆ ಗಾಬರಿ ಬಿಟ್ಟು ಬೇರೇನೂ ಇರಲಿಲ್ಲ, ಯಾಕೆಂದರೆ ಅತ್ತೆ ಎದ್ದು ನಿಂತು ಯಂತ್ರದ ಎಡಬದಿಗೆ ಎರಡೂ ಕೈ ಹಾಕಿದ್ದರು.

ನರ್ಸಮ್ಮ ಓಡಿಬಂದರು. "ಏನಮ್ಮ ಮಾಡ್ತಿದ್ದೀರಿ, ಅದನ್ನ ಕದಲಿಸಬಾರದು."

"ಕದಲಿಸಲ್ಲ ತಾಯಿ. ಒಂದು ಬದಿ ಅಷ್ಟೇ, ಕೆಳಗೆ ಕಾಗದ ತೂರೋಷ್ಟು ಎತ್ತಿ ಇಳಿಸ್ತೀನಿ. ಇಷ್ಟೇ ಇಷ್ಟು."

"ಏನಕ್ಕೆ?"

ನಾನು ವಿಷಯ ಹೇಳಿದೆ. ನರ್ಸಮ್ಮ ಅಕ್ಕನ ಮುಖ ನೋಡಿದರು. ಅಕ್ಕನಿಗೆ ಆಗ ಒಂದು ಉಸಿರಿಗೆ ನಾಲ್ಕು ಮಾತು ಮಾತ್ರ ಬರುತ್ತಿತ್ತು. "ಎತ್ತಲಿ ಬಿಡಿ" ಅಂದಳು. ಸುಧಾರಿಸಿಕೊಂಡು, "ಬೀಗರ ಕೈ ಗಟ್ಟಿ" ಅಂದಳು.

ನರ್ಸಮ್ಮ ಅಕ್ಕನ ಬೆರಳಿಗೆ ಸಿಕ್ಕಿಸಿದ್ದ ಆಮ್ಲಜನಕದ ಅಳತೆಯ ಮೇಲೆ ಕಣ್ಣಿಟ್ಟು ನಿಂತರು. ಕೊಳವೆ ಹಿಡಿದುಕೊಂಡರು. ನನಗೆ ಅತ್ತೆ ಒಂದು ಕೆಲಸ ಕೊಟ್ಟರು. ನನ್ನ ರಸೀದಿ ಪುಸ್ತಕದ ಎರಡು ಹಾಳೆ ಹರಿದು ಎಡಬದಿಯ ಎರಡು ಚಕ್ರಗಳ ಅಂಚಿಗೆ ಹಿಡಿದು ಕೂರುವುದು, ಅವು ಕೆಳಗೆ ನುಸುಳಿದ ಕೂಡಲೇ ಹೇಳುವುದು. ಮೊಣಕಾಲೂರಿ ಕೂತೆ. ಅತ್ತೆ ನಿಧಾನವಾಗಿ ಎತ್ತಿದರು, ಎಷ್ಟು ನಿಧಾನ ಅಂದರೆ ಏನೂ ಆಗುತ್ತಿಲ್ಲ ಅನಿಸಿತು. ಆಮೇಲೆ ಎರಡೂ ಹಾಳೆ ಒಟ್ಟಿಗೆ ಒಳಗೆ ಸರಿದವು.

"ಬಂತು" ಅಂದೆ.

ಅತ್ತೆ ಹಾಗೇ ನಿಂತರು. ಐದು ಎಣಿಸುವಷ್ಟು ಹೊತ್ತು. ಯಂತ್ರ ಒಂದು ಡಬ್ಬಿಯಿಂದ ಎಳೆದು ಇನ್ನೊಂದರಿಂದ ಬಿಡುತ್ತಲೇ ಇತ್ತು, ಅಕ್ಕನ ಎದೆ ಏರಿ ಇಳಿಯುತ್ತಲೇ ಇತ್ತು, ಮತ್ತು ಈ ಅರವತ್ತೆಂಟು ವರ್ಷದ ಹೆಂಗಸು ಅದನ್ನು ಅರ್ಧ ಎತ್ತಿ ಹಿಡಿದುಕೊಂಡಿದ್ದರು. ಎದುರು ಮಂಚದ ಮುದುಕ ಎದ್ದು ಕೂತಿದ್ದ. ಅವರು ಎಷ್ಟು ನಿಧಾನ ಎತ್ತಿದ್ದರೋ ಅಷ್ಟೇ ನಿಧಾನ ಇಳಿಸಿದರು.

"ಹತ್ತೂವರೆ" ಅಂದರು. ಆ ಕಡೆಗೆ ಹೋಗಿ ಬಲಬದಿ ಎತ್ತಿದರು. ನಾನು ಮತ್ತೆ ಹಾಳೆ ಹಿಡಿದೆ. "ಎಂಟು. ಕೂಡಿಸಿ. ಹದಿನೆಂಟೂವರೆ."

ಹೊರಗೆ ಬಂದ ಮೇಲೆ ನನಗೆ ತಡೆಯಲಿಲ್ಲ. "ಅಲ್ಲ ಅತ್ತೆ, ಈ ಕಡೆ ಎತ್ತಿದ್ದು ಆ ಕಡೆ ಎತ್ತಿದ್ದು ಕೂಡಿಸಿದ್ರೆ ಪೂರ್ತಿ ತೂಕ ಹೇಗಾಗುತ್ತೆ?"

ಅವರು ಮೆಟ್ಟಿಲ ಮೇಲೆ ನಿಂತು, ಮಗುವಿಗೆ ಹೇಳಿದ ಹಾಗೆ ಹೇಳಿದರು. "ಮೊದಲನೇ ಸಲ ಈ ಬದಿ ನಾನು ಹೊತ್ತೆ, ಆ ಬದಿ ನೆಲ ಹೊತ್ತುಕೊಂಡಿತ್ತು. ಎರಡನೇ ಸಲ ನೆಲ ಹೊತ್ತಿದ್ದನ್ನ ನಾನು ಹೊತ್ತೆ. ಇನ್ನೇನು ಉಳೀತು?"

ನಾನು ಕಾಲೇಜು ಮೆಟ್ಟಿಲು ಹತ್ತಿದವನು. ಈ ಮಾತು ನನಗೆ ಯಾರೂ ಹೇಳಿರಲಿಲ್ಲ. ಅಂಗಡಿಗೆ ಹೋದ ಕೂಡಲೇ ಒಂದು ಪೆಟ್ಟಿಗೆಗೆ ಸಿಕ್ಕಿದ್ದೆಲ್ಲ ತುಂಬಿ, ಒಂದು ಬದಿ ತೂಕದ ಯಂತ್ರದ ಮೇಲೆ, ಇನ್ನೊಂದು ಬದಿ ಅಷ್ಟೇ ಎತ್ತರದ ಪುಸ್ತಕದ ಮೇಲೆ ಇಟ್ಟು ನೋಡಿದೆ. ಆಮೇಲೆ ತಿರುಗಿಸಿ ಇಟ್ಟೆ. ಕೂಡಿಸಿದೆ. ಪೂರ್ತಿ ಇಟ್ಟು ತೂಗಿದೆ. ಹತ್ತು ಗ್ರಾಂ ವ್ಯತ್ಯಾಸವೂ ಇಲ್ಲ. ಬಾಯಿ ಮೇಲೆ ಬೆರಳಿಟ್ಟುಕೊಂಡು ಕೂತೆ.

ಆದರೆ ಹದಿನೆಂಟೂವರೆ ಬರೀ ಯಂತ್ರ. ಇಬ್ಬರೂ ಕೂತು ಮುಂದಿನದನ್ನು ಲೆಕ್ಕ ಹಾಕಿದೆವು. ದಪ್ಪ ರಟ್ಟಿನ ಪೆಟ್ಟಿಗೆ ಒಂದು ಕಿಲೋ. ಸುತ್ತ ತುಂಬುವ ಸ್ಪಂಜು ನಾನೂರು ಗ್ರಾಂ. ತಂತಿ, ಕೊಳವೆ, ನೀರಿನ ಬಾಟಲಿ ಸೇರಿ ಅರ್ಧ. ಒಟ್ಟು ಇಪ್ಪತ್ತು ಕಿಲೋ ನಾನೂರು ಗ್ರಾಂ. ನಾನೂರು ಗ್ರಾಂ ಆಚೆ. ಇನ್ನು ನನ್ನ ಲೆಕ್ಕ, ಗಾತ್ರದ್ದು. ಕೈಪಿಡಿಯಲ್ಲಿದ್ದ ಯಂತ್ರದ ಅಳತೆಗೆ ಸ್ಪಂಜಿಗೆಂದು ಸುತ್ತ ಮೂರು ಮೂರು ಸೆಂಟಿಮೀಟರು ಸೇರಿಸಿದರೆ ಪೆಟ್ಟಿಗೆ ಅರವತ್ತನಾಲ್ಕು ಎತ್ತರ, ನಲವತ್ಮೂರು ಉದ್ದ, ಮೂವತ್ತೊಂಬತ್ತು ಅಗಲ. ಗುಣಿಸಿ ಭಾಗಿಸಿದರೆ ಇಪ್ಪತ್ತೊಂದೂವರೆ. ಎರಡರಲ್ಲೂ ಹಡಗು. ನಾನು ಪೆನ್ನು ಎಸೆದೆ.

"ಸಿಟ್ಟು ಆಮೇಲೆ ಮಾಡಿಕೊಳ್ಳಿ" ಅಂದರು ಅತ್ತೆ. ಈಗ ಅವರ ಬೆರಳು ತಿರುಗುತ್ತಿದ್ದವು. "ಚಕ್ರ ತೆಗೆಸಿ."

"ಏನು?"

"ಕೆಳಗಿನ ನಾಲ್ಕು ಚಕ್ರ, ಅದಕ್ಕೊಂದು ಕಬ್ಬಿಣದ ಚೌಕಟ್ಟು. ನಾಲ್ಕು ಬೋಲ್ಟು, ಹದಿಮೂರರ ಸ್ಪ್ಯಾನರು. ಉಸಿರಿಗೂ ಅದಕ್ಕೂ ಸಂಬಂಧ ಇಲ್ಲ. ಎಲ್ಲಾ ಸೇರಿ ಆರುನೂರೈವತ್ತು ಗ್ರಾಂ ಕಮ್ಮಿ ಆಗುತ್ತೆ. ಎತ್ತರ ಆರು ಸೆಂಟಿಮೀಟರು ಇಳಿಯುತ್ತೆ, ನಿಮ್ಮ ಗಾಳಿ ತೂಕಕ್ಕೆ ಅದೇನಾಗುತ್ತೋ ನೋಡಿ."

ನೋಡಿದೆ. ಅರವತ್ತನಾಲ್ಕರ ಬದಲು ಐವತ್ತೆಂಟು. ಗಾತ್ರದ ತೂಕ ಹತ್ತೊಂಬತ್ತೂವರೆಗೂ ಒಂದು ಚೂರು ಕಮ್ಮಿ. ನಿಜವಾದ ತೂಕ ಹತ್ತೊಂಬತ್ತು ಮುಕ್ಕಾಲು. ಎರಡೂ ಇಪ್ಪತ್ತರ ಒಳಗೆ. ನಾನು ಎರಡು ಸಲ, ಮೂರು ಸಲ ಗುಣಿಸಿದೆ. ಅತ್ತೆ ಅಷ್ಟರಲ್ಲಿ ಕಸ ಗುಡಿಸಲು ಎದ್ದಿದ್ದರು.

ಮಾರುವವನಿಗೆ ಬರೆದೆ. ಚಕ್ರ ಬೇಡ, ಚೌಕಟ್ಟು ಬೇಡ, ಪೆಟ್ಟಿಗೆ ಇಷ್ಟೇ ಇರಬೇಕು, ಸ್ಪಂಜು ಮೂರೇ ಸೆಂಟಿಮೀಟರು, ಬೋಲ್ಟಿಗೆ ಹದಿಮೂರರ ಸ್ಪ್ಯಾನರು ಅಂತ. "ನೀವು ಈ ಯಂತ್ರದ ಮೆಕ್ಯಾನಿಕ್ಕಾ?" ಅಂತ ಕೇಳಿದ. ನಮ್ಮತ್ತೆ ಗುಜರಿ ಅಂಗಡಿಯವರು ಅಂತ ಬರೆದೆ. ಸರಿ, ಹಾಗೇ ಮಾಡ್ತೀನಿ ಅಂದ. ತೂಕದ ಜಾಗದಲ್ಲಿ 19.75 ಅಂತ ಹಾಕಿ ಒತ್ತಿದೆ.

ಒತ್ತಿದ ಮೇಲೆ ಭಯ ಶುರುವಾಯಿತು. ನಾನು ಮಾಡಿದ್ದೇನು? ಒಬ್ಬ ಮುದುಕಿಯ ಎರಡು ಮುಷ್ಟಿಯನ್ನು ನಂಬಿ ಅಕ್ಕನ ಜೀವ ಇಟ್ಟೆ. ಕಾಲು ಕಿಲೋ ಅಂತರ. ಅಲ್ಲಿಯವನು ಒಂದು ಪದರ ರಟ್ಟು ಜಾಸ್ತಿ ಹಾಕಿದರೆ ಮುಗಿಯಿತು. ಹೆಂಡತಿಯ ಮೇಲೆ ಹರಿಹಾಯ್ದೆ. "ನಿಮ್ಮಮ್ಮನ ಮಾತು ಕೇಳಿ" ಅಂತ ಶುರುಮಾಡಿದವನು ಮುಂದೆ ಹೇಳಲಾರದೆ ನಿಲ್ಲಿಸಿದೆ, ಯಾಕೆಂದರೆ ಅತ್ತೆ ಬಾಗಿಲಲ್ಲೇ ಇದ್ದರು. ಅವರು ಕೇಳಿಸಿಕೊಂಡರು. ಆ ರಾತ್ರಿಯಲ್ಲ, ಮಾರನೇ ಬೆಳಗ್ಗೆ, ಅಕ್ಕನಿಗೆ ಗಂಜಿ ಒಯ್ಯುವ ಮುಂಚೆ ಅಂದರು, "ಅಳಿಯಂದ್ರೇ, ನನಗೂ ಭಯ ಇದೆ. ತಕ್ಕಡಿಗೆ ಹೃದಯ ಇಲ್ಲ, ಅದು ಹೇಳಿಬಿಡುತ್ತೆ. ಕೈಗೆ ಹಾಗಲ್ಲ, ಬೇಕಾದವರದ್ದು ಅಂದ್ರೆ ಹಗುರ ಅನಿಸುತ್ತೆ. ಆ ಹಗುರಕ್ಕೆ ಅಂತ ಕಾಲು ಕಿಲೋ ಸೇರಿಸೇ ಹೇಳಿದ್ದೀನೋ ಇಲ್ಲವೋ ಅಂತ ನಿನ್ನೆಯಿಂದ ಯೋಚಿಸ್ತಿದ್ದೀನಿ."

ಅವರಿಗೂ ಅನುಮಾನ ಅಂದರೆ ಇನ್ನು ಯಾರನ್ನು ನಂಬುವುದು? ಮೂರು ದಿನ ಅಂಗಡಿಗೆ ಬಂದವರಿಗೆ ಏನು ಉತ್ತರ ಕೊಟ್ಟೆನೋ ನನಗೇ ಗೊತ್ತಿಲ್ಲ. ದರ್ಜಿಯನ್ನು ಬೈದು ಕಳಿಸಿದೆನಂತೆ.

ಹತ್ತನೇ ತಾರೀಕು, ಹನ್ನೊಂದು ಗಂಟೆಗೆ ಗೋದಾಮಿನ ಸಂದೇಶ ಬಂತು. ತೆರೆಯಲು ಧೈರ್ಯವಿಲ್ಲದೆ ಅತ್ತೆಗಾಗಿ ಕಾದೆ. ಅವರು ಡಬ್ಬಿ ಹಿಡಿದು ಬಂದರು. ಇಬ್ಬರೂ ಒಟ್ಟಿಗೆ ನೋಡಿದೆವು. ಗಾತ್ರದ ತೂಕ 19.45. ನಿಜವಾದ ತೂಕ 19.78. ಸಾಗಣೆ: ವಿಮಾನ.

ಏಳು ಸಮುದ್ರದ ಆಚೆ ಇದ್ದ ಯಂತ್ರ, ಅದೇ ಮಾದರಿಯ ಇನ್ನೊಂದನ್ನು ಇಲ್ಲಿ ಒಂದು ಕಾಗದದಷ್ಟು ಎತ್ತಿ ನೋಡಿದ್ದು, ಮಿಕ್ಕಿದ್ದೆಲ್ಲ ಬರೀ ಗಾಳಿಯಲ್ಲಿ ತಿರುಗಿದ ಎರಡು ಬೆರಳು. ಮೂವತ್ತು ಗ್ರಾಂ ವ್ಯತ್ಯಾಸ. ನಾನು ಅತ್ತೆಯ ಕೈಗಳನ್ನೇ ನೋಡುತ್ತಿದ್ದೆ. ಉಗುರಿನ ಸಂದಿಯಲ್ಲಿ ಹಳೇ ಗ್ರೀಸಿನ ಕಪ್ಪು ಇನ್ನೂ ಹೋಗಿರಲಿಲ್ಲ. ಕಾಲಿಗೆ ಬೀಳಬೇಕು ಅನಿಸಿತು, ಅಳಿಯ ಅನ್ನುವ ಬಿಗುಮಾನ ಅಡ್ಡ ಬಂತು.

"ಆ ಮೂವತ್ತು ಗ್ರಾಂ ಟೇಪು" ಅಂದರು ಅವರು. "ಜಾಸ್ತಿ ಸುತ್ತಿದ್ದಾನೆ."

ಹದಿನಾರಕ್ಕೆ ಪೆಟ್ಟಿಗೆ ಬಂತು. ಅತ್ತೆ ತಮ್ಮ ಹಳೇ ಪರಿಚಯದ ಗುಜರಿಯಿಂದ ನಾಲ್ಕು ಚಕ್ರ ತರಿಸಿ, ಹಲಗೆಗೆ ಹೊಡೆದು ಸಿದ್ಧ ಮಾಡಿಟ್ಟಿದ್ದರು. ಹದಿನೇಳರ ಮಧ್ಯಾಹ್ನ ಅಕ್ಕನನ್ನು ಮನೆಗೆ ಕರೆತಂದೆವು. ನಮ್ಮ ಮನೆಗೆ ಮೂರು ಮೆಟ್ಟಿಲು, ಗಾಲಿಕುರ್ಚಿ ಹತ್ತುವುದಿಲ್ಲ. ನಾನು ಹೇಗೆ ಎತ್ತುವುದು ಅಂತ ಯೋಚಿಸುವಷ್ಟರಲ್ಲಿ ಅತ್ತೆ ಬಗ್ಗಿ, ಒಂದು ಕೈ ಬೆನ್ನಿಗೆ, ಒಂದು ಕೈ ಮೊಣಕಾಲ ಕೆಳಗೆ ಹಾಕಿ ಅಕ್ಕನನ್ನು ಎತ್ತಿಕೊಂಡೇಬಿಟ್ಟರು. ಆಸ್ಪತ್ರೆಯವರು ದಾರಿಗೆ ಅಂತ ಕೊಟ್ಟಿದ್ದ ಸಣ್ಣ ಆಮ್ಲಜನಕದ ಸಿಲಿಂಡರು, ಕೊಳವೆ ಹಿಡಿದು ನಾನು ಹಿಂದೆ ನಡೆದೆ. ಕೋಣೆಯ ಮಂಚದ ಮೇಲೆ ಮಲಗಿಸಿ ಹೊರಗೆ ಬಂದಾಗ ಅವರ ಮುಖ ಸಪ್ಪಗಿತ್ತು. ನನಗೆ ಅಷ್ಟರಲ್ಲಿ ಚಟ ಹತ್ತಿತ್ತಲ್ಲ, ಕೇಳಿಬಿಟ್ಟೆ.

"ಎಷ್ಟಿದ್ದಾಳೆ ಅತ್ತೆ?"

ಕೋಣೆಯ ಬಾಗಿಲು ಎಳೆದುಕೊಂಡರು. "ಮನುಷ್ಯರನ್ನ ನಾನು ತೂಗಲ್ಲ" ಅಂದರು.

ಆ ಮಾತಿನ ಅರ್ಥ ನನಗೆ ಆಗದೆ ಇರಲಿಲ್ಲ. ಹೇಳುವಂಥ ಅಂಕಿಯಾಗಿದ್ದರೆ ಹೇಳುತ್ತಿದ್ದರು. ನಾನು ಮತ್ತೆ ಕೇಳಲಿಲ್ಲ. ಮುಂದಿನ ಕೋಣೆಯಲ್ಲಿ ಆ ಎರಡು ಡಬ್ಬಿ ಹಗಲೂ ರಾತ್ರಿ ಸರದಿಯ ಮೇಲೆ ಉಸಿರಾಡುತ್ತಿದ್ದವು. ಅತ್ತೆ ಬೆಳಗ್ಗೆ ಅಕ್ಕನನ್ನು ಎತ್ತಿ ಸ್ನಾನದ ಸ್ಟೂಲಿನ ಮೇಲೆ ಕೂರಿಸುವರು, ತಲೆ ಬಾಚುವರು, ಮತ್ತೆ ಎತ್ತಿ ಮಂಚಕ್ಕೆ ತರುವರು. ನಾನು ಎತ್ತುತ್ತೇನೆ ಅಂದರೆ ಬಿಡುತ್ತಿರಲಿಲ್ಲ. "ನೀವು ಜಗ್ಗಿಬಿಡ್ತೀರಿ" ಅನ್ನುತ್ತಿದ್ದರು. ಅದು ನೆಪ ಅಂತ ನನಗೆ ಹೊಳೆಯಲಿಲ್ಲ.

ಐದು ವಾರವಾಯಿತು. ಒಂದು ಬೆಳಗ್ಗೆ ನಾನು ಅಂಗಡಿಯಲ್ಲಿ ಯಾರದೋ ಗಡಿಯಾರದ ಪೆಟ್ಟಿಗೆಗೆ ಟೇಪು ಸುತ್ತುತ್ತಿದ್ದೆ. ಅತ್ತೆ ಬಂದರು. ಊಟದ ಹೊತ್ತಾಗಿರಲಿಲ್ಲ, ಕೈಯಲ್ಲಿ ಡಬ್ಬಿಯೂ ಇರಲಿಲ್ಲ. ಅಷ್ಟು ದೂರ ಬೇಗ ನಡೆದು ಬಂದಿದ್ದರಿಂದ ಏದುಸಿರು ಬಿಡುತ್ತಿದ್ದರು. ಟೇಪು ನನ್ನ ಕೈಯಿಂದ ಜಾರಿತು.

"ಮೊದಲನೇ ದಿನ ಮೂವತ್ನಾಲ್ಕು ಇದ್ದಳು" ಅಂದರು. "ಆಮೇಲೆ ಇನ್ನೂ ಇಳೀತಿದ್ದಳು. ದಿನಾ ಇಳೀತಿದ್ದಳು. ಹೇಗೆ ಹೇಳಲಿ ನಿಮಗೆ? ಹೋದ ವಾರ ನಿಂತಿತು. ನನ್ನ ಕೈ ಸುಳ್ಳು ಹೇಳ್ತಿದೆಯೋ ಏನೋ ಅಂತ ಸುಮ್ಮನಿದ್ದೆ. ಇವತ್ತು ಎತ್ತಿದೆ. ಇಳಿಸಿ ಮತ್ತೆ ಎತ್ತಿದೆ. ಮುಕ್ಕಾಲು ಕಿಲೋ ಜಾಸ್ತಿ ಆಗಿದ್ದಾಳೆ."

ಗಿರಾಕಿ ಎದುರಿಗೇ ನಿಂತಿದ್ದ. ನಾನು ಪೆಟ್ಟಿಗೆಯ ಮೇಲೆ ಕುಸಿದು ಕೂತು, ನಾಚಿಕೆ ಬಿಟ್ಟು ಅತ್ತುಬಿಟ್ಟೆ. ಅತ್ತೆ ನನ್ನ ಹೆಗಲ ಮೇಲೆ ಕೈಯಿಟ್ಟುಕೊಂಡು ನಿಂತಿದ್ದರು. ಆ ಗಿರಾಕಿ ಏನು ವಿಷಯ, ಇವರು ಯಾರು ಅಂತ ಕೇಳಿದ.

"ನಮ್ಮತ್ತೆ" ಅಂದೆ. "ಗುಜರಿ ಅಂಗಡಿ ಇಟ್ಟಿದ್ದರು."